ಸ್ಕ್ರಿಪ್ಟ್ ಇದೆ ಅಂದ್ಮೇಲೆ ನೆಪ ಯಾಕೆ? ರಸಲ್‌ಮೇನಿಯಾ 41ರ ಲೆಕ್ಕಪತ್ರ

ಭಾಗ 1

ಮೊದಲೇ ಒಪ್ಕೊಂಡುಬಿಡ್ತೀನಿ. ಹೌದು, ಗೊತ್ತು. ಡಬ್ಲ್ಯುಡಬ್ಲ್ಯುಇನಲ್ಲಿ ಯಾರು ಗೆಲ್ಲಬೇಕು ಅನ್ನೋದು ಮೊದಲೇ ತೀರ್ಮಾನ ಆಗಿರುತ್ತೆ. ಇದನ್ನ ನನಗೆ ಹೇಳಿಕೊಡೋಕೆ ಅಂತ ಇನ್‌ಬಾಕ್ಸಿಗೆ ಬರೋ ಅಣ್ಣಂದಿರೇ, ದಯವಿಟ್ಟು ಬೇಡ. ನಾಲ್ಕನೇ ಕ್ಲಾಸಲ್ಲಿ ನನ್ನ ಅಣ್ಣ ಟ್ರಂಪ್ ಕಾರ್ಡ್ ಹಂಚ್ತಾ ಈ ಗುಟ್ಟು ಹೇಳಿಯಾಗಿದೆ. ಆವತ್ತು ಎರಡು ದಿನ ಅತ್ತೆ. ಮೂರನೇ ದಿನ ಮತ್ತೆ ಟಿವಿ ಮುಂದೆ ಕೂತೆ.

ಏಪ್ರಿಲ್ 19 ಮತ್ತು 20, ಲಾಸ್ ವೇಗಸ್‌ನ ಅಲೀಜಿಯಂಟ್ ಸ್ಟೇಡಿಯಂನಲ್ಲಿ ರಸಲ್‌ಮೇನಿಯಾ 41 ಆಯ್ತು. ಅಲ್ಲಿ ಶನಿವಾರ, ಭಾನುವಾರದ ಸಂಜೆ. ನಮಗೆ ಭಾನುವಾರ, ಸೋಮವಾರದ ಬೆಳಗಿನ ಜಾವ ನಾಲ್ಕೂವರೆ. ದಾವಣಗೆರೆಯ ಪಿಜಿ ರೂಮಲ್ಲಿ, ರಗ್ಗಿನ ಒಳಗೆ, 149 ರೂಪಾಯಿಯ ಮೊಬೈಲ್ ಪ್ಲಾನಲ್ಲಿ, ಒಂದು ಕಿವಿಗೆ ಮಾತ್ರ ಇಯರ್‌ಫೋನ್ ಹಾಕ್ಕೊಂಡು ಎರಡೂ ದಿನ ಪೂರ್ತಿ ನೋಡಿದೆ. ಸೋಮವಾರ ಹತ್ತು ಗಂಟೆಗೆ ಕಾಸ್ಟ್ ಅಕೌಂಟಿಂಗ್ ಇಂಟರ್ನಲ್ಸ್ ಇತ್ತು. ಅದರ ಮಾರ್ಕ್ಸ್ ಕೇಳಬೇಡಿ.

ಒಟ್ಟು ಹದಿನಾಲ್ಕು ಮ್ಯಾಚ್. ಈ ಸರಣಿಯಲ್ಲಿ ಹದಿನಾಲ್ಕರ ಬಗ್ಗೆಯೂ ಬರೆಯಲ್ಲ, ಕೆಲವಕ್ಕೆ ಅಷ್ಟು ಯೋಗ್ಯತೆ ಇಲ್ಲ. ನನ್ನ ಜಗಳ ಒಂದೇ. ಪ್ರತಿ ಸಲ ನಾವು "ಈ ಮ್ಯಾಚ್ ಚೆನ್ನಾಗಿರಲಿಲ್ಲ" ಅಂದಾಗ ಒಬ್ಬ ಬಂದು, "ಅಯ್ಯೋ ಅದು ಸ್ಕ್ರಿಪ್ಟೆಡ್ ಅಲ್ವಾ, ಅದಕ್ಕೆಲ್ಲ ಯಾಕೆ ತಲೆ ಕೆಡಿಸ್ಕೋತೀಯ" ಅಂತಾನೆ. ನಾನು ಹೇಳೋದು ಪೂರ್ತಿ ಉಲ್ಟಾ. ಸ್ಕ್ರಿಪ್ಟೆಡ್ ಆಗಿರೋದಕ್ಕೇ ತಲೆ ಕೆಡಿಸ್ಕೋಬೇಕು.

ಯೋಚನೆ ಮಾಡಿ. ಆರ್‌ಸಿಬಿ ಸೋತರೆ ಪಿಚ್ ಮೇಲೆ ಹಾಕಬಹುದು, ಟಾಸ್ ಮೇಲೆ ಹಾಕಬಹುದು, ಮಂಜಿನ ಮೇಲೆ, ಅಂಪೈರ್ ಮೇಲೆ, ನಮ್ಮ ಹಣೆಬರಹದ ಮೇಲೆ ಹಾಕಬಹುದು. ಇಲ್ಲಿ ಹಣೆಬರಹ ಅನ್ನೋದೇ ಇಲ್ಲ. ಹಣೆ ಬರೆಯೋರಿಗೆ ತಿಂಗಳ ಸಂಬಳ ಇದೆ. ಫಿನಿಶ್ ಕೆಟ್ಟದಾಗಿದ್ರೆ ಅದು ಒಂದು ರೂಮಲ್ಲಿ ಕೂತು ಯಾರೋ ತಗೊಂಡ ತೀರ್ಮಾನ. ಮಳೆ ಬಂದು ಆಟ ನಿಂತಿದ್ದಲ್ಲ.

ಭಾಗ 2

ನಮ್ಮಜ್ಜಿ ಹರಪನಹಳ್ಳಿ ಕಡೆಯವರು. ಚಿಕ್ಕವರಿದ್ದಾಗ ರಾತ್ರಿ ಪೂರ್ತಿ ದೊಡ್ಡಾಟ ನೋಡಿ ಬೆಳೆದವರು. ದುರ್ಯೋಧನ ಸಾಯ್ತಾನೆ ಅಂತ ಕೂತಿದ್ದ ಎಲ್ಲರಿಗೂ ಗೊತ್ತು. ದುರ್ಯೋಧನ ಯಾರ ಮನೆಯವನು, ಹಗಲು ಯಾರ ಹೊಲದಲ್ಲಿ ಕೆಲಸ ಮಾಡ್ತಾನೆ, ಅದೂ ಗೊತ್ತು. ಆದ್ರೂ ಆ ಪಾತ್ರಧಾರಿ ಮಾತು ತಪ್ಪಿದ್ರೆ, ಕುಣಿತ ತಾಳಕ್ಕೆ ಕೂರದಿದ್ರೆ, ಜನ ಬಿಡ್ತಿರಲಿಲ್ಲವಂತೆ. ಮರುದಿನ ಬಾವಿ ಕಟ್ಟೆ ಮೇಲೆ ಅವನ ಮಾನ ಹರಾಜು. "ಹೆಂಗೂ ಸಾಯೋನೇ ಅಲ್ವಾ, ಹೆಂಗೆ ಆಡಿದ್ರೇನು" ಅಂತ ಯಾರೂ ಅವನ ಪರ ಮಾತಾಡ್ತಿರಲಿಲ್ಲ.

ಅದೇ ಅಜ್ಜಿ ಆಮೇಲೆ ನಮ್ಮ ಜೊತೆ ಕೇಬಲ್ ಟಿವಿಯಲ್ಲಿ ಕುಸ್ತಿ ನೋಡೋಕೆ ಶುರು ಮಾಡಿದ್ರು. ಇಂಗ್ಲಿಷ್ ಒಂದಕ್ಷರ ಬರಲ್ಲ. ಆದ್ರೆ ಹತ್ತು ನಿಮಿಷದಲ್ಲಿ ಯಾರು ಒಳ್ಳೆಯವನು, ಯಾರು ಕಳ್ಳ, ಯಾರಿಗೆ ಯಾರ ಮೇಲೆ ಸಿಟ್ಟು ಅಂತ ಹೇಳಿಬಿಡೋರು. ರ್‍ಯಾಂಡಿ ಆರ್ಟನ್ ಕಂಡ್ರೆ "ಹಾವು ಬಂತು" ಅನ್ನೋರು. ಅವನಿಗೆ ಅಮೆರಿಕದಲ್ಲೂ ವೈಪರ್ ಅಂತಲೇ ಹೆಸರು ಅಂತ ಅಜ್ಜಿಗೆ ಯಾರೂ ಹೇಳಿರಲಿಲ್ಲ.

ನನಗೆ ಪರೀಕ್ಷೆ ಇದೇ. ಮಾತು ಅರ್ಥ ಆಗದ ಅಜ್ಜಿಗೆ ಕಥೆ ಅರ್ಥ ಆದ್ರೆ ಅದು ಒಳ್ಳೆ ಮ್ಯಾಚ್. ಎಷ್ಟು ಸಲ ಗಾಳಿಯಲ್ಲಿ ಪಲ್ಟಿ ಹೊಡೆದ್ರು ಅನ್ನೋದು ಆಮೇಲಿನ ಮಾತು.

ಭಾಗ 3

ಚೆನ್ನಾಗಿದ್ದನ್ನ ಮೊದಲು ಹೇಳ್ತೀನಿ. ಇಲ್ಲಾಂದ್ರೆ "ಇವಳು ಬರೀ ಬೈಯ್ತಾಳೆ" ಅಂತೀರಿ.

ಮೊದಲ ರಾತ್ರಿಯ ಕೊನೆ ಮ್ಯಾಚ್. ಸಿಎಂ ಪಂಕ್, ರೋಮನ್ ರೇನ್ಸ್, ಸೆತ್ ರಾಲಿನ್ಸ್. ಮೂವರ ಮಧ್ಯೆ ಬೆಲ್ಟ್ ಇರಲಿಲ್ಲ. ಬೇಕಾಗಿಯೂ ಇರಲಿಲ್ಲ. ಯಾಕಂದ್ರೆ ಅಲ್ಲಿ ಲೆಕ್ಕ ಇತ್ತು.

ನನ್ನ ಭಾಷೆಯಲ್ಲಿ ಹೇಳ್ತೀನಿ. ಪಾಲ್ ಹೇಮನ್ 2020ರಿಂದ ರೇನ್ಸ್‌ನ ಬುದ್ಧಿವಂತ ಮಂತ್ರಿ. ಅದಕ್ಕೂ ಎಷ್ಟೋ ವರ್ಷ ಮೊದಲು ಪಂಕ್‌ನ ಪಕ್ಕ ನಿಂತಿದ್ದವನು. ಕಳೆದ ನವೆಂಬರ್‌ನ ಸರ್ವೈವರ್ ಸೀರೀಸ್‌ಗೆ ರೇನ್ಸ್ ಕಡೆ ಒಬ್ಬ ಆಳು ಕಡಿಮೆ ಇದ್ದಾಗ ಹೇಮನ್ ಹೋಗಿ ಪಂಕ್‌ನ ಕರೆತಂದ. ಬದಲಿಗೆ "ನಿನಗೊಂದು ಋಣ ಇದೆ" ಅಂತ ಮಾತು ಕೊಟ್ಟ. ಅದು ಪ್ರಾಮಿಸರಿ ನೋಟ್. ಪಂಕ್ ಅದನ್ನ ತಿಂಗಳುಗಟ್ಟಲೆ ಜೇಬಲ್ಲಿ ಇಟ್ಕೊಂಡ. ರಸಲ್‌ಮೇನಿಯಾ ಹತ್ತಿರ ಬಂದಾಗ ತೆಗೆದು ಕೇಳಿದ: ಆ ರಾತ್ರಿ ನೀನು ರೇನ್ಸ್ ಪಕ್ಕ ಅಲ್ಲ, ನನ್ನ ಪಕ್ಕ ನಿಲ್ಲಬೇಕು.

ಈಗ ಮ್ಯಾಚ್ ನೋಡಿ. ಅರ್ಧ ಗಂಟೆ ದಾಟಿದ ಆಟ. ಮಧ್ಯದಲ್ಲಿ ಸ್ವಲ್ಪ ಎಳೆದರು, ಸುಳ್ಳು ಹೇಳಲ್ಲ. ಆದ್ರೆ ಕೊನೆಯ ಐದು ನಿಮಿಷದಲ್ಲಿ ಹೇಮನ್ ಪಂಕ್‌ಗೆ ಸೊಂಟದ ಕೆಳಗೆ ಹೊಡೆದ. ಕುರ್ಚಿ ರೇನ್ಸ್ ಕೈಗೆ ಕೊಟ್ಟ. ಜನ "ಓ, ಹಳೇ ಯಜಮಾನನ ಹತ್ತಿರ ವಾಪಸ್ ಬಂದ" ಅಂದ್ಕೊಂಡ್ರು. ಮರುಕ್ಷಣ ರೇನ್ಸ್‌ಗೂ ಅದೇ ಏಟು. ಗೆದ್ದವನು ರಾಲಿನ್ಸ್.

ಇಬ್ಬರಿಗೂ ಮೋಸ. ಆದ್ರೆ ನೋಡೋರಿಗೆ ಮೋಸ ಅನ್ನಿಸಲಿಲ್ಲ. ಯಾಕೆ? ಕುರ್ಚಿ ಕೂಡ ಸುಮ್ಮನೆ ಬಂದಿದ್ದಲ್ಲ. 2014ರಲ್ಲಿ ಶೀಲ್ಡ್ ಒಡೆದಿದ್ದೇ ರಾಲಿನ್ಸ್ ಕೈಯಲ್ಲಿದ್ದ ಕುರ್ಚಿಯಿಂದ. ಹನ್ನೊಂದು ವರ್ಷ ಹಳೆಯ ಎಂಟ್ರಿ, ಬಡ್ಡಿ ಸಮೇತ ಇಲ್ಲಿ ಬಂತು. ಹೇಮನ್ ಪಂಕ್‌ನ ಋಣ ತೀರಿಸಿದ, ರಸೀದಿ ಹರಿದ, ಆಮೇಲೆ ಹೊಡೆದ. ಡೆಬಿಟ್ ಕ್ರೆಡಿಟ್ ಟ್ಯಾಲಿ.

ಪಂಕ್‌ಗೆ ರಸಲ್‌ಮೇನಿಯಾದ ಕೊನೆ ಮ್ಯಾಚ್ ಆಡಬೇಕು ಅನ್ನೋದು ಇಡೀ ಜೀವನದ ಆಸೆ. 2014ರಲ್ಲಿ ಬಿಟ್ಟು ಹೋದಾಗ ಅದೂ ಒಂದು ನೋವೇ ಆಗಿತ್ತು. ಆ ಆಸೆ ಈಡೇರಿದ ರಾತ್ರಿಯೇ, ಅದನ್ನ ಈಡೇರಿಸೋಕೆ ಜೊತೆ ನಿಂತವನ ಕೈಯಿಂದಲೇ ಪೆಟ್ಟು. ಇದನ್ನ ನಾನು ಅಜ್ಜಿಗೆ ಎರಡು ವಾಕ್ಯದಲ್ಲಿ ಹೇಳಬಲ್ಲೆ. ಅವರು "ಶಕುನಿ" ಅಂತ ಒಂದೇ ಮಾತಲ್ಲಿ ಮುಗಿಸ್ತಾರೆ.

ಭಾಗ 4

ಅದೇ ರಾತ್ರಿಯ ಮೊದಲ ಮ್ಯಾಚ್. ಗುಂಥರ್ ಮತ್ತು ಜೇ ಊಸೊ. ಫಲಿತಾಂಶ ಸರಿ, ಮ್ಯಾಚ್ ತಪ್ಪು.

ಕಥೆ ಏನಿತ್ತು? ಜೇ ಅಂದ್ರೆ ವರ್ಷಗಟ್ಟಲೆ ಇನ್ನೊಬ್ಬರ ನೆರಳಲ್ಲಿ ಇದ್ದವನು. ಅವಳಿ ಸೋದರನ ಜೋಡಿ ಅಂತಲೇ ಗುರುತು. ಫೆಬ್ರವರಿಯಲ್ಲಿ ರಾಯಲ್ ರಂಬಲ್ ಗೆದ್ದ, ಅದೂ ಕೊನೆಗೆ ಜಾನ್ ಸೀನಾನೇ ಎತ್ತಿ ಹೊರಗೆ ಹಾಕಿ. ಗುಂಥರ್‌ನ ಮಾತ್ರ ಅವನಿಗೆ ಯಾವತ್ತೂ ಸೋಲಿಸೋಕೆ ಆಗಿರಲಿಲ್ಲ. ರಸಲ್‌ಮೇನಿಯಾಗೆ ಮೊದಲು ಗುಂಥರ್ ಇವನ ಕಣ್ಣೆದುರೇ ಸೋದರ ಜಿಮ್ಮಿಯನ್ನ ರಕ್ತ ಬರೋ ಹಾಗೆ ಬಡಿದ. ಇದಕ್ಕಿಂತ ಇನ್ನೇನು ಬೇಕು ಹೇಳಿ?

ಹಾಗಿದ್ರೆ ಜೇ ಹೇಗೆ ಬರಬೇಕಿತ್ತು? ನಾನಾಗಿದ್ರೆ ಹಾಡು ಮುಗಿಯೋಕೂ ಬಿಡ್ತಿರಲಿಲ್ಲ, ಓಡಿ ಬಂದು ಹೊಡೀತಿದ್ದೆ. ಅವನು ಯಾವಾಗಿನ ಹಾಗೆ ಕೈ ಮೇಲೆ ಕೆಳಗೆ ಆಡಿಸ್ತಾ, ಜನರ ಕೈಯಲ್ಲೂ ಆಡಿಸ್ತಾ, "ಯೀಟ್" ಅಂತ ಕುಣಿದುಕೊಂಡು ಬಂದ. ಸ್ಟೇಡಿಯಂ ಪೂರ್ತಿ ಕುಣೀತು, ನನ್ನ ರಗ್ಗೂ ಕುಣೀತು. ಸರಿ. ಆದ್ರೆ ಆ ಕ್ಷಣಕ್ಕೆ ಜಿಮ್ಮಿಯ ರಕ್ತ ಮರೆತುಹೋಯ್ತು. ಮನೇಲಿ ಸಾವಾಗಿದ್ದವನು ಮೆರವಣಿಗೆಯಲ್ಲಿ ಡೊಳ್ಳು ಬಾರಿಸಿದ ಹಾಗೆ.

ಆಟ ಒಂದು ಕಾಲು ಗಂಟೆ. ಕೊನೆಯಲ್ಲಿ ಗುಂಥರ್‌ದೇ ಕತ್ತು ಹಿಚುಕೋ ಪಟ್ಟು ಹಾಕಿ ಅವನ ಕೈಯಲ್ಲೇ ಸೋಲು ಒಪ್ಪಿಸಿದ. ಕಾಗದದ ಮೇಲೆ ಎಂಥ ಚಂದದ ಮುಕ್ತಾಯ! ಅವನ ಆಯುಧ ಅವನಿಗೇ ತಿರುಗಿದ್ದು. ಆದ್ರೆ ಅದಕ್ಕೆ ಮೊದಲು ಜೇ ನಿಜವಾಗ್ಲೂ ಸೋಲೋ ಹಾಗೆ ಕಾಣಲೇ ಇಲ್ಲ. ಭಯ ಇಲ್ಲದೆ ಬಂದ ಗೆಲುವಿಗೆ ಕಣ್ಣಲ್ಲಿ ನೀರು ಬರಲ್ಲ. ನಾನು ಜೇ ಅಭಿಮಾನಿ ಅಂತ ನಿಮಗೆ ಗೊತ್ತು. ಅತ್ತುಬಿಡೋಣ ಅಂತ ತಯಾರಾಗಿ ಕೂತಿದ್ದೆ. ಬರಲಿಲ್ಲ.

ಉಳಿದದ್ದು ಬೇಗ ಬೇಗ. ಜೇಕಬ್ ಫಾಟು ಎಲ್‌ಎ ನೈಟ್‌ನ ಸೋಲಿಸಿದ್ದು ಸರಿ, ಅಷ್ಟು ದಪ್ಪದ ಮನುಷ್ಯ ಅಷ್ಟು ಹಗುರವಾಗಿ ಹಾರೋದನ್ನ ನೋಡೋಕೇ ದುಡ್ಡು ಕೊಡಬಹುದು. ಜೇಡ್ ಕಾರ್ಗಿಲ್ ಮತ್ತು ನಯೋಮಿ ಆಟದಲ್ಲಿ ಗೆಳತಿ ಬೆನ್ನಿಗೆ ಚೂರಿ ಹಾಕಿದ ಕಥೆ, ಅದಕ್ಕೆ ತಕ್ಕ ಸಿಟ್ಟು ಕಾಣಿಸ್ತು. ಟಿಫನಿ ಸ್ಟ್ರಾಟನ್ ಮತ್ತು ಶಾರ್ಲಟ್ ಫ್ಲೇರ್ ಮೈಕಲ್ಲಿ ವೈಯಕ್ತಿಕವಾಗಿ ಕೆಸರು ಎರಚಿಕೊಂಡಾಗ ನನಗೆ ಮುಜುಗರ ಆಗಿತ್ತು, ರಿಂಗಲ್ಲಿ ಮಾತ್ರ ಇಬ್ಬರೂ ಜೋರಾಗಿ ಹೊಡೆದಾಡಿದ್ರು. ಟಿಫನಿ ಗೆದ್ದಿದ್ದು ಒಳ್ಳೆಯದಾಯ್ತು. ನ್ಯೂ ಡೇ ಆಡುವಾಗ ನಾನು ಎದ್ದು ಹೋಗಿ ಹಲ್ಲುಜ್ಜಿದೆ.

ಭಾಗ 5

ಎರಡನೇ ರಾತ್ರಿ. ಈ ಭಾಗ ಹುಡುಗಿಯರು ಓದಿ. ಹುಡುಗರು ಎರಡು ಸಲ ಓದಿ.

ಮೊದಲ ಮ್ಯಾಚ್: ಇಯೋ ಸ್ಕೈ, ಬಿಯಾಂಕಾ ಬೆಲೇರ್, ರಿಯಾ ರಿಪ್ಲಿ. ಎರಡೂ ರಾತ್ರಿ ಸೇರಿಸಿ ಇದಕ್ಕಿಂತ ಚೆನ್ನಾಗಿರೋ ಆಟ ಇರಲಿಲ್ಲ ಅಂತ ನನ್ನ ವಾದ. ಹದಿನೈದು ನಿಮಿಷದ ಆಸುಪಾಸು. ಒಂದು ಉಸಿರು ವ್ಯರ್ಥ ಆಗಲಿಲ್ಲ. ರಿಯಾ ಮತ್ತು ಬಿಯಾಂಕಾ ಒಬ್ಬರನ್ನೊಬ್ಬರು ನೋಡ್ತಾ ಇಯೋನ ಲೆಕ್ಕಕ್ಕೇ ತಗೊಳ್ಳಲಿಲ್ಲ, ಚಾಂಪಿಯನ್ ಅವಳೇ ಆಗಿದ್ರೂ! ಮಾರ್ಚ್‌ನಲ್ಲಿ ರಿಯಾ ಕೈಯಿಂದ ಬೆಲ್ಟ್ ಗೆದ್ದವಳು ಅವಳು. ಆದ್ರೂ ಜನ, ಜಾಹೀರಾತು, ಎಲ್ಲಾ ಕಡೆ ಅವಳು ಮೂರನೆಯವಳು. ಆ ಅಲಕ್ಷ್ಯವೇ ಮ್ಯಾಚ್‌ನ ಕಥೆ ಆಯ್ತು. ಕೊನೆಗೆ ಅವರಿಬ್ಬರೂ ಒಬ್ಬರಿಗೊಬ್ಬರು ಹೊಡೆದು ನೆಲಕ್ಕೆ ಬಿದ್ದಾಗ, ಇಯೋ ಮೇಲಿನಿಂದ ಇಬ್ಬರ ಮೇಲೂ ಒಟ್ಟಿಗೆ ಮೂನ್‌ಸಾಲ್ಟ್ ಹಾಕಿ ಗೆದ್ದಳು. ಮಾತೇ ಬೇಡ, ಅಲ್ವಾ?

ಈಗ ನನ್ನ ಪ್ರಶ್ನೆ. ಇದು ಮೊದಲ ಮ್ಯಾಚ್ ಯಾಕೆ? ಕೊನೆಯದು ಯಾಕಲ್ಲ?

"ಮೊದಲ ಮ್ಯಾಚ್ ಕೂಡ ಗೌರವದ ಜಾಗ" ಅಂತೀರಿ. ಊಟಕ್ಕೆ ಕೂತಾಗ ಉಪ್ಪು ಮೊದಲು ಬಡಿಸ್ತಾರೆ, ಅದಕ್ಕೆ ಉಪ್ಪೇ ಹೋಳಿಗೆ ಅನ್ನೋಕೆ ಆಗಲ್ಲ. ರಸಲ್‌ಮೇನಿಯಾದಲ್ಲಿ ಹೆಣ್ಣುಮಕ್ಕಳು ಕೊನೆ ಮ್ಯಾಚ್ ಆಡಿದ್ದು 2019ರಲ್ಲಿ ಒಂದು ಸಲ, 2021ರಲ್ಲಿ ಒಂದು ಸಲ. ಅಷ್ಟೇ. 2020ರಿಂದ ಪ್ರತಿ ವರ್ಷ ಎರಡು ರಾತ್ರಿ, ಅಂದ್ರೆ ಎರಡು ಕೊನೆ ಮ್ಯಾಚ್ ಇದ್ರೂ ಇಷ್ಟೇ. 2021ರಲ್ಲಿ ಕೊನೆ ಮ್ಯಾಚ್ ಆಡಿ ಗೆದ್ದವಳು ಇದೇ ಬಿಯಾಂಕಾ. ಅವಳಿಗೆ ಆ ಜಾಗ ಹೊಸದಲ್ಲ, ಆ ಭಾರ ಹೊರೋಕೂ ಬರುತ್ತೆ.

ನಮ್ಮ ಪಿಜಿಯಲ್ಲಿ ನಾನು ಕುಸ್ತಿ ನೋಡ್ತೀನಿ ಅಂದ್ರೆ ಮೊದಲು ಬರೋ ಮಾತು, "ಬನಿಯನ್ ಹಾಕ್ಕೊಂಡ ಗಂಡಸರು ಅಪ್ಪಿಕೊಳ್ಳೋದನ್ನ ಏನು ನೋಡ್ತೀಯೇ?" ಈ ಮ್ಯಾಚ್‌ನ ಸೋಮವಾರ ಸಂಜೆ ರೂಮ್‌ಮೇಟ್‌ಗೆ ಬಲವಂತವಾಗಿ ತೋರಿಸಿದೆ. ಫೋನ್ ವಾಪಸ್ ಕೊಡಲಿಲ್ಲ, ಚಾರ್ಜ್ ಮುಗಿಯೋವರೆಗೂ ಇಯೋ ಸ್ಕೈ ಹಳೇ ಮ್ಯಾಚ್ ಹುಡುಕ್ತಾ ಕೂತಳು. ಹೊಸ ಪ್ರೇಕ್ಷಕರು ಹೀಗೆ ಬರ್ತಾರೆ, ಕಂಪನಿಯವರೇ. ಹಾಡುಗಾರರನ್ನ ತಂದು ನಿಲ್ಲಿಸೋದರಿಂದ ಅಲ್ಲ. ಆ ಹಾಡುಗಾರನ ವಿಷಯಕ್ಕೆ ಬರ್ತೀನಿ, ತಾಳಿ.

ಭಾಗ 6

"ಫೇಕ್" ಅನ್ನೋರಿಗೆ ಸಣ್ಣದೊಂದು ಭಾಗ.

ಈ ರಸಲ್‌ಮೇನಿಯಾಗೆ ಕೆವಿನ್ ಓವೆನ್ಸ್ ಬರಬೇಕಿತ್ತು, ಆರ್ಟನ್ ಎದುರು. ಕತ್ತಿಗೆ ಪೆಟ್ಟಾಗಿ ಆಪರೇಷನ್ ಬೇಕು ಅಂತ ಅವನೇ ಬಂದು ಹೇಳಿ ಹೋದ. ರೇ ಮಿಸ್ಟೀರಿಯೊ ಆಡಬೇಕಿತ್ತು. ಹಿಂದಿನ ದಿನದ ಸ್ಮ್ಯಾಕ್‌ಡೌನಲ್ಲಿ ಪೆಟ್ಟಾಗಿ ಅವನ ಜಾಗಕ್ಕೆ ರೇ ಫೀನಿಕ್ಸ್ ಬಂದ. ಗೆಲುವು ಬರೆದದ್ದು ಇರಬಹುದು, ಬೀಳೋದನ್ನ ಯಾರೂ ಬರೆದು ತಪ್ಪಿಸೋಕೆ ಆಗಲ್ಲ. ಹಲಗೆ ಹಲಗೆಯೇ, ಮೂಳೆ ಮೂಳೆಯೇ.

ಅದಕ್ಕೇ ನನಗೆ ಸಿಟ್ಟು ಜಾಸ್ತಿ. ಇವರು ದೇಹ ಒತ್ತೆ ಇಟ್ಟು ಆಡ್ತಾರೆ. ಅಷ್ಟು ದುಬಾರಿ ಕಚ್ಚಾ ಸಾಮಗ್ರಿಯನ್ನ ಸೋಮಾರಿ ಕಥೆಗೆ ಸುರಿಯೋದು ಅಂದ್ರೆ ಏನು? ಕಾಸ್ಟ್ ಅಕೌಂಟಿಂಗ್‌ನಲ್ಲಿ ಅದಕ್ಕೆ ಅಬ್‌ನಾರ್ಮಲ್ ಲಾಸ್ ಅಂತಾರೆ. (ಇಂಟರ್ನಲ್ಸ್‌ನಲ್ಲಿ ಇದೇ ಪ್ರಶ್ನೆ ಬಂದಿತ್ತು. ಇದೊಂದು ಬರೆದೆ.)

ಆರ್ಟನ್ ಎದುರು ಕೊನೆಗೆ ಬಂದವನು ಜೋ ಹೆಂಡ್ರಿ, ಬೇರೆ ಕಂಪನಿ ಟಿಎನ್‌ಎಯ ಚಾಂಪಿಯನ್. ಮೂರು ನಿಮಿಷ. ಒಂದು ಆರ್‌ಕೆಒ. ಜನ ಹಾಡಿದ್ರು, ನಕ್ಕರು, ಮುಗೀತು. ಇದಕ್ಕೆ ನನ್ನ ತಕರಾರು ಇಲ್ಲ. ಓವೆನ್ಸ್ ಇಲ್ಲ ಅಂದ್ಮೇಲೆ ದೊಡ್ಡ ಕಥೆ ಇದೆ ಅಂತ ನಾಟಕ ಮಾಡಲಿಲ್ಲ. ಇದ್ದಷ್ಟು ಸಾಮಾನಿಗೆ ಇದ್ದಷ್ಟೇ ಅಡುಗೆ.

ಡಾಮಿನಿಕ್ ಮಿಸ್ಟೀರಿಯೊ ಇಂಟರ್‌ಕಾಂಟಿನೆಂಟಲ್ ಬೆಲ್ಟ್ ಗೆದ್ದಿದ್ದಕ್ಕೆ ಮಾತ್ರ ನಾನು ಬಾಯಿಗೆ ದಿಂಬು ಒತ್ತಿಕೊಂಡು ಕಿರುಚಿದೆ. ಅಪ್ಪನಿಗೇ ಹೊಡೆದ ಮಗ, ವರ್ಷಗಳಿಂದ ಮೈಕ್ ಹಿಡಿದ್ರೆ ಸಾಕು ಊರೆಲ್ಲಾ ಬೊಬ್ಬೆ ಹಾಕ್ತಿದ್ದವನು. ಅವನು ಸ್ವಂತ ಗುಂಪಿನ ಫಿನ್ ಬ್ಯಾಲರ್ ಮೇಲೇ ಹಾರಿ, ಅಪ್ಪನಿಂದ ಬಂದ ಫ್ರಾಗ್ ಸ್ಪ್ಲ್ಯಾಶ್‌ನಿಂದಲೇ ಗೆದ್ದಾಗ ಅದೇ ಊರು ಎದ್ದು ನಿಂತು ಕೂಗ್ತು. ನಾಲ್ವರ ಆಟ, ಹತ್ತೇ ನಿಮಿಷ. ಟೈಮ್ ಕಡಿಮೆ ಅನ್ನೋದು ನೆಪ ಅಲ್ಲ ಅಂತ ಇದಕ್ಕಿಂತ ಸಾಕ್ಷಿ ಬೇಕಾ?

ಭಾಗ 7

ಈಗ ಬಂತು ನೋಡಿ. ಕೋಡಿ ರೋಡ್ಸ್ ಮತ್ತು ಜಾನ್ ಸೀನಾ.

ನನಗೆ ಇದು ಬರೀ ಮ್ಯಾಚ್ ಅಲ್ಲ. ಸೀನಾ ಮೊದಲ ಸಲ ಡಬ್ಲ್ಯುಡಬ್ಲ್ಯುಇ ಚಾಂಪಿಯನ್ ಆಗಿದ್ದು ರಸಲ್‌ಮೇನಿಯಾ 21ರಲ್ಲಿ, 2005ರಲ್ಲಿ. ನಾನು ಹುಟ್ಟಿದ್ದೂ ಅದೇ ವರ್ಷ. ನಾನು ತೊಟ್ಟಿಲಿಂದ ಬಿಕಾಂವರೆಗೆ ಬರೋ ಅಷ್ಟೂ ಕಾಲ ಆ ಮನುಷ್ಯ ಒಳ್ಳೆಯವನೇ. ಅಣ್ಣನ ಕಾರ್ಡ್ ಕಟ್ಟಿನಲ್ಲಿ ಅವನ ಕಾರ್ಡ್‌ಗೆ ಮಾತ್ರ ಮೂಲೆ ಮಡಿಚಿರಲಿಲ್ಲ. ಮೇಕ್ ಎ ವಿಶ್ ಸಂಸ್ಥೆ ಮೂಲಕ 650ಕ್ಕೂ ಹೆಚ್ಚು ಕಾಯಿಲೆ ಮಕ್ಕಳ ಆಸೆ ಈಡೇರಿಸಿದವನು. ಇದು ಸ್ಕ್ರಿಪ್ಟ್ ಅಲ್ಲ, ನಿಜ.

ಅಂಥವನು ಮಾರ್ಚ್ 1ರಂದು ಟೊರಾಂಟೊದಲ್ಲಿ ಕೆಟ್ಟವನಾದ. ದ ರಾಕ್ ಬಂದು ಕೋಡಿ ಹತ್ತಿರ ನಿನ್ನ ಆತ್ಮ ನನಗೆ ಕೊಡು ಅಂತ ಕೇಳಿದ್ದ. ಕೋಡಿ ಆಗಲ್ಲ ಅಂದ. ಸೀನಾ ಕೋಡಿಯನ್ನ ಅಪ್ಪಿಕೊಂಡ. ರಾಕ್ ಕತ್ತಿನ ಮೇಲೆ ಬೆರಳು ಎಳೆದು ಸನ್ನೆ ಮಾಡಿದ. ಸೀನಾ ಮುಖ ಬದಲಾಯ್ತು, ಸೊಂಟದ ಕೆಳಗೆ ಹೊಡೆದ. ನನ್ನ ಕೈಯಿಂದ ಚಹಾ ಲೋಟ ಬಿತ್ತು, ಉತ್ಪ್ರೇಕ್ಷೆ ಅಲ್ಲ. ಆ ಹೊತ್ತಲ್ಲಿ ಹಾಡುಗಾರ ಟ್ರಾವಿಸ್ ಸ್ಕಾಟ್ ಕೂಡ ರಾಕ್ ಜೊತೆ ಇದ್ದ, ಕೋಡಿ ಕಪಾಳಕ್ಕೆ ಬಾರಿಸಿದ.

ಎಂಥ ಶುರು! ಇಪ್ಪತ್ತು ವರ್ಷದ ಬಂಡವಾಳ ಒಂದೇ ಏಟಿಗೆ ಹೂಡಿದ್ರು. ಈಗ ನಾವು ಕೇಳಬೇಕಾದ್ದು ಮೂರೇ ಪ್ರಶ್ನೆ ಇತ್ತು. ಆತ್ಮ ಕೊಂಡವನು ಯಾಕೆ ಕೊಂಡ? ಮಾರಿದವನು ಯಾಕೆ ಮಾರಿದ? ಮಾರಲ್ಲ ಅಂದವನ ಗತಿ ಏನು?

ಏಳು ವಾರ ಆದ್ಮೇಲೆ, ಏಪ್ರಿಲ್ 20ರ ರಾತ್ರಿ, ಉತ್ತರ ಕೊಡೋ ದಿನ ರಾಕ್ ಬರಲೇ ಇಲ್ಲ. ಬಂದವನು ಟ್ರಾವಿಸ್ ಸ್ಕಾಟ್.

ಆಟ ಹೇಗಿತ್ತು? ನಿಧಾನ. ಸೀನಾ ಬೇಕಂತಲೇ ಬೇಜಾರು ಮಾಡಿಸ್ತಿದ್ದಾನೆ ಅಂತ ಕೆಲವರು ವಾದ ಮಾಡ್ತಾರೆ, ಕೆಟ್ಟವನು ಜನರಿಗೆ ಖುಷಿ ಕೊಡಬಾರದು ಅಂತ. ಇರಬಹುದು. ಆದ್ರೆ ಬೇಜಾರು ಮಾಡಿಸೋದಕ್ಕೂ ಬೇಜಾರಾಗಿರೋದಕ್ಕೂ ವ್ಯತ್ಯಾಸ ಇದೆ, ಪಿರಿಯಡ್‌ನಲ್ಲಿ ಕೂತ ನಮಗೆ ಅದು ಚೆನ್ನಾಗಿ ಗೊತ್ತು. ಆಮೇಲೆ ಹಾಡು ಬಂತು. ಸ್ಕಾಟ್ ಆ ಉದ್ದ ದಾರಿಯಲ್ಲಿ ಸಂಜೆ ವಾಕಿಂಗ್ ಬಂದ ಹಾಗೆ ನಡೆದ. ಅವನು ಬರೋವರೆಗೂ ರಿಂಗಲ್ಲಿ ಇದ್ದವರು ಬಸ್‌ಗೆ ಕಾಯೋ ಹಾಗೆ ಕಾದರು. ಕೋಡಿ ಅವನಿಗೂ ಕ್ರಾಸ್ ರೋಡ್ಸ್ ಹಾಕಿದ. ಕೊನೆಗೆ ಕೋಡಿ ಕೈಗೆ ಬೆಲ್ಟ್ ಸಿಕ್ತು. ಹೊಡೀಲಾ ಬೇಡವಾ ಅಂತ ನಿಂತ. ಹೊಡೀಲಿಲ್ಲ. ಸೀನಾ ಕೆಳಗೆ ಒಂದೇಟು, ಬೆಲ್ಟಿಂದ ಇನ್ನೊಂದೇಟು. ಒಂದು, ಎರಡು, ಮೂರು. ಹದಿನೇಳನೇ ಪಟ್ಟ. ರಿಕ್ ಫ್ಲೇರ್‌ನ ಹದಿನಾರರ ದಾಖಲೆ ಮುರೀತು.

ಇತಿಹಾಸ ಆಗೋದನ್ನ ನಾನು ನೇರವಾಗಿ ನೋಡಿದೆ. ನನಗೆ ಅನ್ನಿಸಿದ್ದು: ಇಷ್ಟೇನಾ?

ಭಾಗ 8

ಯಾಕೆ ಹಾಗನ್ನಿಸ್ತು ಅಂತ ವಾರ ಪೂರ್ತಿ ಯೋಚನೆ ಮಾಡಿದೆ.

ಹೊರಗಿನವರು ಮಧ್ಯೆ ಬಂದಿದ್ದು ತಪ್ಪಾ? ಅಲ್ಲ. ಕಳೆದ ವರ್ಷ ಫಿಲಡೆಲ್ಫಿಯಾದಲ್ಲಿ ಕೋಡಿ ರೇನ್ಸ್‌ನ ಸೋಲಿಸಿದಾಗ ಅರ್ಧ ಊರೇ ಮಧ್ಯೆ ಬಂದಿತ್ತು. ಜಿಮ್ಮಿ, ಜೇ, ಸೋಲೊ, ಸೀನಾ, ರಾಕ್, ರಾಲಿನ್ಸ್, ಅಂಡರ್‌ಟೇಕರ್. ಆದ್ರೆ ಪ್ರತಿಯೊಬ್ಬನ ಹಿಂದೆಯೂ ಒಂದು ಹಳೇ ಬಾಕಿ ಇತ್ತು. ರಾಲಿನ್ಸ್ ಹಳೇ ಶೀಲ್ಡ್ ಬಟ್ಟೆ ಹಾಕ್ಕೊಂಡು ಬಂದ. ಕೋಡಿಯನ್ನ ಮುಗಿಸೋ ಅವಕಾಶ ಕೈಯಲ್ಲಿದ್ರೂ ರೇನ್ಸ್ ಹಳೇ ಸಿಟ್ಟಿಗೆ ರಾಲಿನ್ಸ್‌ಗೆ ಕುರ್ಚಿಯಿಂದ ಹೊಡೆದ, ಅದರಿಂದಲೇ ಸೋತ. ನುಗ್ಗಿ ಬಂದವರು ಏಳು ಜನ, ಒಬ್ಬನೂ ಅಪರಿಚಿತ ಅಲ್ಲ. ಈ ವರ್ಷ ಬಂದವನು ಒಬ್ಬನೇ, ಅವನಿಗೂ ಈ ಆಟಕ್ಕೂ ಏನು ಸಂಬಂಧ ಅಂತ ಕೇಳಿದ್ರೆ ರಾಕ್ ಕಡೆಯವನು ಅನ್ನಬೇಕು. ರಾಕ್ ಎಲ್ಲಿ ಅಂದ್ರೆ ಉತ್ತರ ಇಲ್ಲ.

ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗದಿದ್ರೆ ಉಳಿದ ಮೊತ್ತವನ್ನ ಸಸ್ಪೆನ್ಸ್ ಅಕೌಂಟ್‌ಗೆ ಹಾಕ್ತೀವಿ, ಆಮೇಲೆ ತಪ್ಪು ಹುಡುಕೋಣ ಅಂತ. ಈ ಕಂಪನಿ ರಾಕ್‌ನ ಸಸ್ಪೆನ್ಸ್ ಅಕೌಂಟ್‌ಗೆ ಹಾಕಿ ಪುಸ್ತಕ ಮುಚ್ಚಿಬಿಟ್ಟಿದೆ.

ಇನ್ನೊಂದು ವಿಷಯ, ಇದನ್ನ ಜಾಸ್ತಿ ಜನ ಗಮನಿಸಲಿಲ್ಲ ಅನ್ಸುತ್ತೆ. ಅದೇ ರಾತ್ರಿ, ಸ್ವಲ್ಪ ಹೊತ್ತಿಗೆ ಮೊದಲು, ಎಜೆ ಸ್ಟೈಲ್ಸ್ ಮತ್ತು ಲೋಗನ್ ಪಾಲ್ ಆಟ ಇತ್ತು. ಕ್ಯಾರಿಯನ್ ಕ್ರಾಸ್ ಬಂದು ಸ್ಟೈಲ್ಸ್ ಬೆರಳಿಗೆ ಹಿತ್ತಾಳೆ ಮುಷ್ಟಿ ತೊಡಿಸೋಕೆ ನೋಡಿದ. ಸ್ಟೈಲ್ಸ್ ಮೋಸ ಬೇಡ ಅಂದ. ಆ ಕ್ಷಣದಲ್ಲೇ ಪೆಟ್ಟು ತಿಂದು ಸೋತ. ಈಗ ಕೋಡಿ ಸೋತ ರೀತಿ ಮತ್ತೆ ಓದಿ. ಕೈಗೆ ಆಯುಧ, ಮನಸ್ಸಾಕ್ಷಿ, ಹಿಂಜರಿಕೆ, ಸೋಲು. ಒಂದೇ ರಾತ್ರಿ ಒಂದೇ ಪ್ರಶ್ನೆಪತ್ರಿಕೆ ಎರಡು ಸಲ! ರಾತ್ರಿಯ ಅತಿ ದೊಡ್ಡ ತಿರುವನ್ನ ಅದೇ ವೇದಿಕೆ ಮೇಲೆ ಮೊದಲೇ ಚಿಕ್ಕದಾಗಿ ಆಡಿ ತೋರಿಸಿದ್ರೆ ಅದರ ಬಿಸಿ ಎಲ್ಲಿ ಉಳಿಯುತ್ತೆ? ಯಾರಾದ್ರೂ ಒಬ್ಬರು ಆ ಹದಿನಾಲ್ಕು ಫಿನಿಶ್‌ಗಳನ್ನ ಒಂದೇ ಹಾಳೆಯಲ್ಲಿ ಬರೆದು ಓದಿದ್ರೆ ಸಾಕಿತ್ತು. ನಮ್ಮ ಕಾಲೇಜ್ ಡೇ ನಾಟಕಕ್ಕೆ ಕೂಡ ನಾವು ಅಷ್ಟು ಮಾಡ್ತೀವಿ.

"ನಿಂಗೆ ಸಿಟ್ಟು ಬರಿಸೋದೇ ಅವರ ಉದ್ದೇಶ, ಸೀನಾ ಈಗ ಕೆಟ್ಟವನು, ಸಿಟ್ಟು ಬಂತಲ್ಲ, ಕೆಲಸ ಆಯ್ತು" ಅಂತ ಬರೀತೀರಿ, ಗೊತ್ತು. ಕೇಳಿ. ವಜ್ರಮುನಿ ತೆರೆ ಮೇಲೆ ಬಂದ್ರೆ ನಮ್ಮಜ್ಜಿ ಬಾಯಿಗೆ ಬಂದ ಹಾಗೆ ಬೈಯ್ಯೋರು. ವಜ್ರಮುನಿಯನ್ನ ಬೈಯ್ಯೋರು, ಡೈರೆಕ್ಟರ್‌ನ ಅಲ್ಲ. ನನಗೆ ಸೀನಾ ಮೇಲೆ ಸಿಟ್ಟು ಬಂದಿದ್ರೆ ಕೆಲಸ ಆಯ್ತು ಅನ್ನಬಹುದಿತ್ತು. ಸಿಟ್ಟು ಬಂದಿದ್ದು ಬರೆದವರ ಮೇಲೆ.

ಎರಡು ರಾತ್ರಿ ಸೇರಿ 1,24,693 ಜನ ಬಂದಿದ್ರು ಅಂತ ಕಂಪನಿ ಹೇಳಿದೆ. ನೆಟ್‌ಫ್ಲಿಕ್ಸ್ ಜೊತೆಗಿನ ಒಪ್ಪಂದ ಹತ್ತು ವರ್ಷಕ್ಕೆ 5 ಬಿಲಿಯನ್ ಡಾಲರ್ ಮೇಲೆ. ಹಾಗಾಗಿ "ಜನ ನೋಡಿದ್ರಲ್ಲ, ನೀನು ಯಾರು ಕೇಳೋಕೆ" ಅನ್ನೋ ಮಾತೂ ಬರುತ್ತೆ. ನಾನು ಆ ಲೆಕ್ಕದೊಳಗೆ ಇರೋ 149 ರೂಪಾಯಿ. ಅದಕ್ಕೇ ಕೇಳ್ತಿದ್ದೀನಿ. ಗಲ್ಲಾ ತುಂಬಿದೆ ಅನ್ನೋದು ಸಾರಿಗೆ ಉಪ್ಪು ಸರಿ ಇದೆ ಅನ್ನೋದಕ್ಕೆ ಪುರಾವೆ ಆಗಲ್ಲ.

ಭಾಗ 9

ಮೊನ್ನೆ ರಾತ್ರಿ ಅಜ್ಜಿಗೆ ಫೋನ್ ಮಾಡಿದೆ. ಈಗ ಅವರಿಗೆ ಕಣ್ಣು ಅಷ್ಟು ಕಾಣಲ್ಲ, ಟಿವಿ ನೋಡೋದು ಬಿಟ್ಟಿದ್ದಾರೆ. ಕುಸ್ತಿ ಕಥೆ ಮಾತ್ರ ಬಿಟ್ಟಿಲ್ಲ.

"ಅಜ್ಜಿ, ನಿನ್ನ ಸೀನಾ ಕೆಟ್ಟವನಾದ" ಅಂದೆ.

"ಆ ಟೋಪಿ ಹುಡುಗನಾ? ಯಾಕಂತವ್ವ?"

ಹೇಳಿದೆ. ರಾಕ್ ಬಂದು ಆತ್ಮ ಕೊಡು ಅಂದಿದ್ದು, ಕೋಡಿ ಕೊಡಲ್ಲ ಅಂದಿದ್ದು, ಸೀನಾ ಅಪ್ಪಿಕೊಂಡು ಹೊಡೆದಿದ್ದು. ಅಜ್ಜಿ "ಅಯ್ಯೋ ಶಿವನೇ" ಅಂದ್ರು. ಟೊರಾಂಟೊ ಭಾಗ ಅವರಿಗೆ ಪೂರ್ತಿ ಅರ್ಥ ಆಯ್ತು. ಆಮೇಲೆ ದೊಡ್ಡ ಆಟದ ದಿನ ಏನಾಯ್ತು ಅಂತ ಹೇಳಿದೆ. ಹಾಡುಗಾರ ಬಂದ, ಬೆಲ್ಟಲ್ಲಿ ಹೊಡೆದ, ಗೆದ್ದ.

ಸ್ವಲ್ಪ ಹೊತ್ತು ಸುಮ್ಮನಿದ್ರು. ಲೈನ್ ಕಟ್ಟಾಯ್ತೇನೋ ಅಂದ್ಕೊಂಡೆ.

"ಕೊಂಡವನು ಬರ್ಲಿಲ್ಲೇನು?"

"ಇಲ್ಲಜ್ಜಿ."

"ಮತ್ತೆ ಯಾರಿಗಂತ ಮಾರಿದ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಊಟ ಆಯ್ತಾ, ಪರೀಕ್ಷೆ ಹೆಂಗಾಯ್ತು ಅಂತ ಕೇಳಿದ್ರು. ಅದಕ್ಕೂ ಇರಲಿಲ್ಲ.

ಮರುದಿನದ ರಾದಲ್ಲಿ ಸೀನಾ ಬೆಲ್ಟ್ ಎತ್ತಿ ಮೆರೀತಿದ್ದಾಗ ಹಿಂದಿನಿಂದ ಆರ್ಟನ್ ಬಂದು ಆರ್‌ಕೆಒ ಹಾಕಿದ್ದಾನೆ. ಮೇ 10ಕ್ಕೆ ಬ್ಯಾಕ್‌ಲ್ಯಾಶ್, ಅದೂ ಆರ್ಟನ್‌ನ ಸ್ವಂತ ಊರು ಸೇಂಟ್ ಲೂಯಿಸ್‌ನಲ್ಲಿ. ನಾನು ನಾಲ್ಕೂವರೆಗೆ ಅಲಾರಾಂ ಇಡ್ತೀನಿ, ಇಡದೆ ಇರೋಕೆ ಆಗಲ್ಲ. ಈ ಸಲ ಹಾವಿನ ಪರ ಕೂಗಬೇಕು ಅಂತ ಅಜ್ಜಿಗೆ ಇನ್ನೂ ಹೇಳಿಲ್ಲ.